ಮನೆಯಲ್ಲಿ ಮಾಡಿದ ಕಾರ್ ಸಬ್‌ವೂಫರ್ ಬಾಕ್ಸ್: ಸದ್ದು ಸರಿಯಿಲ್ಲದಿದ್ದರೆ ಎಲ್ಲಿ ಹುಡುಕಬೇಕು, ಹೇಗೆ ಸರಿಮಾಡಬೇಕು

12 ಇಂಚಿನ ಒಳ್ಳೆಯ ಸಬ್‌ವೂಫರ್ (ಬೇಸ್ ಮಾತ್ರ ಬಾರಿಸುವ ಸ್ಪೀಕರ್) ಇದೆ, ಆಂಪ್ (ಆಂಪ್ಲಿಫೈಯರ್) ಇದೆ, 18 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಬಡಗಿಯಿಂದ ಮಾಡಿಸಿದ ಬಾಕ್ಸ್ ಇದೆ. ಆದರೂ ಡಿಕ್ಕಿಯಿಂದ ಬರೋದು ಒಂದೇ ಸಮನೆ ಗುಂಯ್ ಅನ್ನೋ ಸದ್ದು, ಇಲ್ಲವೇ ಬೇಸ್ ಅನ್ನೋದೇ ಇಲ್ಲ. ಇಂಥ ಹೊತ್ತಲ್ಲಿ ಹೆಚ್ಚಿನವರು ಸ್ಪೀಕರ್ ಬದಲಾಯಿಸ್ತಾರೆ, ಇಲ್ಲವೇ ಇನ್ನೂ ದೊಡ್ಡ ಆಂಪ್ ತಂದು ಹಾಕ್ತಾರೆ. ಎರಡೂ ದುಡ್ಡು ದಂಡ. ಸಬ್‌ವೂಫರ್ ಅರ್ಧ ವಾದ್ಯ ಮಾತ್ರ, ಉಳಿದರ್ಧ ಬಾಕ್ಸಿನೊಳಗಿನ ಗಾಳಿ. ಆ ಗಾಳಿ ಎಷ್ಟಿದೆ, ಎಲ್ಲಿಂದ ಸೋರುತ್ತಿದೆ, ಯಾವ ದಾರಿಯಲ್ಲಿ ಹೊರಗೆ ಬರುತ್ತಿದೆ ಅನ್ನೋದನ್ನು ನೋಡಿಕೊಂಡರೆ ಹೆಚ್ಚಿನ ತೊಂದರೆಗಳು ಹೊಸ ಸಾಮಾನು ಕೊಳ್ಳದೇ ಸರಿಹೋಗುತ್ತವೆ.

ಮೊದಲು ಸದ್ದು ಯಾವ ಬಗೆಯಲ್ಲಿ ಕೆಟ್ಟಿದೆ ಅಂತ ಗುರುತಿಸಿ, ಯಾಕೆಂದರೆ ಪ್ರತಿ ದೋಷಕ್ಕೂ ಅದರದೇ ದನಿ ಇದೆ. ಬೇಸ್ ತೆಳುವಾಗಿದ್ದು ಪೆಟ್ಟೇ ಇಲ್ಲದಿದ್ದರೆ ವೈರ್ ತಿರುವುಮುರುವಾಗಿರಬಹುದು, ಫೇಸ್ (ಸಬ್ ಮತ್ತು ಬಾಗಿಲಿನ ಸ್ಪೀಕರ್‌ಗಳ ಅಲೆ ಒಟ್ಟಿಗೆ ಏರಿಳಿಯೋದು) ತಪ್ಪಿರಬಹುದು ಅಥವಾ ಗಾಳಿ ಸೋರುತ್ತಿರಬಹುದು. ಯಾವ ಹಾಡು ಹಾಕಿದರೂ ಒಂದೇ ಸ್ವರ ಗುಮ್ಮೆನ್ನುತ್ತಿದ್ದರೆ ಸೀಲ್ಡ್ ಬಾಕ್ಸ್ (ಪೂರ್ತಿ ಮುಚ್ಚಿದ್ದು) ಚಿಕ್ಕದಾಗಿದೆ ಅಥವಾ ಪೋರ್ಟಿನ (ಗಾಳಿ ಹೊರಗೆ ಬರಲು ಇಟ್ಟ ಕೊಳವೆಯ) ಟ್ಯೂನಿಂಗ್, ಅಂದರೆ ಅದು ಮೊಳಗುವ ಸ್ವರ, ಮೇಲೆ ಹೋಗಿದೆ. ಬುಸ್ ಬುಸ್ ಅನ್ನುತ್ತಿದ್ದರೆ ಸಂದಿಯಲ್ಲೋ ಪೋರ್ಟಿನಲ್ಲೋ ಗಾಳಿ ಕಷ್ಟಪಟ್ಟು ನುಗ್ಗುತ್ತಿದೆ. ಕಡಿಮೆ ವಾಲ್ಯೂಮ್‌ನಲ್ಲಿ ಚೆನ್ನಾಗಿದ್ದು ಜೋರು ಮಾಡಿದಾಗ ಮಾತ್ರ ಒಡೆದರೆ ಆಂಪ್‌ನ ಗೇನ್ ಅಥವಾ ಕರೆಂಟ್ ಪೂರೈಕೆ ನೋಡಬೇಕು.

ಪರೀಕ್ಷೆಗೆ ಬೇಕಾದದ್ದು ಇಷ್ಟು: ಮಲ್ಟಿಮೀಟರ್, 1.5 ವೋಲ್ಟ್‌ನ ಒಂದು ಪೆನ್ಸಿಲ್ ಸೆಲ್, ಟಾರ್ಚ್, ಅಳತೆ ಟೇಪ್, ಒಂದೆರಡು ಊದುಬತ್ತಿ, ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್. ಕೇಳಿ ನೋಡಲು ಎರಡು ರೆಕಾರ್ಡಿಂಗ್ ಇಟ್ಟುಕೊಳ್ಳಿ. ಒಂದು ಡೊಳ್ಳು ಕುಣಿತದ್ದು, ಇನ್ನೊಂದು ತಬಲಾದ ಡಗ್ಗಾ ಚೆನ್ನಾಗಿ ಕೇಳುವಂಥದ್ದು. ಡೊಳ್ಳಿನ ಒಂದೊಂದು ಪೆಟ್ಟೂ ಬೇರೆಬೇರೆಯಾಗಿ ಬಿದ್ದು ನಿಲ್ಲಬೇಕು, ಒಂದರ ಬಾಲ ಇನ್ನೊಂದಕ್ಕೆ ಅಂಟಬಾರದು. ಡಗ್ಗಾದ ಮೇಲೆ ಅಂಗೈ ಜಾರಿಸಿದಾಗ ಸ್ವರ ಏರೋದು ನುಣುಪಾಗಿ ಕೇಳಬೇಕು, ನಡುವೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಮಾಯವಾಗಬಾರದು. ಫಾರ್ವರ್ಡ್ ಆಗಿ ಬಂದ ಹಿಂಡಿದ ಎಂಪಿ3 ಫೈಲಿನಿಂದ ತೀರ್ಮಾನಕ್ಕೆ ಬರಬೇಡಿ.

ಶುರು ಮಾಡುವ ಮುಂಚೆ ಸ್ಟೀರಿಯೊದ ಈಕ್ವಲೈಸರ್ ಪೂರ್ತಿ ಸಮ ಮಾಡಿ, ಲೌಡ್‌ನೆಸ್ ಆಫ್ ಮಾಡಿ, ಆಂಪ್‌ನ ಬೇಸ್ ಬೂಸ್ಟನ್ನು ಸೊನ್ನೆಗೆ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ. ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅನ್ನೋದು ಗೊತ್ತಾಗೋದೇ ಇಲ್ಲ.

ವೈರ್ ಮತ್ತು ಕಾಯಿಲ್

ಆಂಪ್‌ನಿಂದ ಸ್ಪೀಕರ್ ವೈರ್ ಬಿಚ್ಚಿ, ಬಾಕ್ಸಿನ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್‌ನಿಂದ ಓಮ್ ಅಳೆಯಿರಿ. 4 ಓಮ್ ಕಾಯಿಲ್ (ಸ್ಪೀಕರ್‌ನ ಕೋನನ್ನು, ಅಂದರೆ ಮುಂದಿನ ಅಲುಗಾಡುವ ಹಾಳೆಯನ್ನು, ಆಡಿಸುವ ತಂತಿಸುರುಳಿ) ಸುಮಾರು 3.2ರಿಂದ 3.8 ತೋರಿಸುತ್ತದೆ, 2 ಓಮ್ ಕಾಯಿಲ್ 1.6ರಿಂದ 2ರ ಆಸುಪಾಸು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ ಅಥವಾ ಒಳಗಿನ ವೈರ್ ಕಳಚಿದೆ. ಎರಡು ಕಾಯಿಲ್‌ನ ಸಬ್ ಆದರೆ ಲೆಕ್ಕ ಬೇರೆ: ಎರಡು 4 ಓಮ್ ಕಾಯಿಲ್‌ಗಳು ಪ್ಯಾರಲಲ್‌ನಲ್ಲಿ 2 ಓಮ್, ಸೀರೀಸ್‌ನಲ್ಲಿ 8 ಓಮ್. ನಿಮ್ಮ ಆಂಪ್ ಎಷ್ಟು ಓಮ್‌ಗೆ ತಡೆಯುತ್ತದೆ ಅನ್ನೋದು ಅದರ ಮೇಲೇ ಬರೆದಿರುತ್ತದೆ. ಬ್ರಿಡ್ಜ್ ಮಾಡಿದ (ಎರಡು ಚಾನೆಲ್ ಸೇರಿಸಿ ಒಂದೇ ಸಬ್‌ಗೆ ಕೊಟ್ಟ) ಆಂಪ್‌ಗಳು ಸಾಮಾನ್ಯವಾಗಿ 4 ಓಮ್‌ಗಿಂತ ಕೆಳಗೆ ಇಳಿಸಿದರೆ ಪ್ರೊಟೆಕ್ಷನ್ ದೀಪ ಹೊತ್ತಿಸಿಕೊಂಡು ನಿಲ್ಲುತ್ತವೆ.

ಎರಡು ಕಾಯಿಲ್‌ನಲ್ಲಿ ಒಂದನ್ನು ಉಲ್ಟಾ ಜೋಡಿಸಿದರೆ ಎರಡೂ ಒಂದನ್ನೊಂದು ತಡೆಯುತ್ತವೆ. ಕೋನ್ ಅಲುಗಾಡೋದೇ ಇಲ್ಲ, ಕಾಯಿಲ್ ಮಾತ್ರ ಕಾಯುತ್ತದೆ. ಮೀಟರ್‌ನಲ್ಲಿ ಇದು ಗೊತ್ತಾಗದು, ಓಮ್ ಸರಿಯಾಗಿಯೇ ತೋರಿಸುತ್ತದೆ. ಇದಕ್ಕೆ ಪೆನ್ಸಿಲ್ ಸೆಲ್ ಬೇಕು. ಒಂದೊಂದೇ ಕಾಯಿಲ್‌ಗೆ ಸೆಲ್‌ನ ಪ್ಲಸ್ಸನ್ನು ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಕ್ಷಣಮಾತ್ರ ಮುಟ್ಟಿಸಿ. ಕೋನ್ ಎರಡೂ ಸಲ ಹೊರಗೆ ಬರಬೇಕು. ಒಳಗೆ ಹೋದರೆ ಆ ಕಾಯಿಲ್‌ನ ವೈರ್ ತಿರುಗಿಸಿ. ಬಾಕ್ಸಿನಲ್ಲಿ ಎರಡು ಸಬ್ ಇದ್ದರೂ ಇದೇ ಪರೀಕ್ಷೆ.

ಇದೇ ಹೊತ್ತಲ್ಲಿ ಎರಡೂ ಕೈಯ ಬೆರಳುಗಳನ್ನು ಕೋನಿನ ಸುತ್ತ ಸಮವಾಗಿಟ್ಟು ಮೆಲ್ಲಗೆ ಒತ್ತಿ. ಕರಕರ ಅಂತ ಉಜ್ಜಿದ ಹಾಗೆ ಕೇಳಿದರೆ ಕಾಯಿಲ್ ಸುಟ್ಟಿದೆ ಅಥವಾ ಓರೆಯಾಗಿದೆ. ಅದು ಬಾಕ್ಸ್ ರಿಪೇರಿಯಿಂದ ಹೋಗುವ ದೋಷವಲ್ಲ. ನಡುವಿನ ಡಸ್ಟ್ ಕ್ಯಾಪ್ ಮೇಲೆ ಮಾತ್ರ ಒತ್ತಬೇಡಿ, ತಗ್ಗು ಬೀಳುತ್ತದೆ.

ಕಂಪನಿ ಸ್ಟೀರಿಯೊ ಉಳಿಸಿಕೊಂಡು ಹಿಂದಿನ ಸ್ಪೀಕರ್ ವೈರ್‌ನಿಂದಲೇ ಆಂಪ್‌ಗೆ ಸಿಗ್ನಲ್ ಕೊಟ್ಟಿದ್ದರೆ ಇನ್ನೊಂದು ತಪ್ಪು ನಡೆಯುತ್ತದೆ. ಎಡ ಮತ್ತು ಬಲ ವೈರ್‌ಗಳಲ್ಲಿ ಒಂದರ ಪ್ಲಸ್ ಮೈನಸ್ ಅದಲುಬದಲಾದರೆ ಮೊನೊ ಆಂಪ್ ಎರಡನ್ನೂ ಕೂಡಿಸುವಾಗ ಬೇಸ್ ಕಳೆದುಹೋಗುತ್ತದೆ. ಕಂಡುಹಿಡಿಯೋದು ಸುಲಭ: ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿ. ನಡುವೆ ಇದ್ದಾಗಿನದ್ದಕ್ಕಿಂತ ಬೇಸ್ ಜಾಸ್ತಿಯಾದರೆ ಒಂದು ಕಡೆ ಉಲ್ಟಾ ಆಗಿದೆ ಅಂತಲೇ ಅರ್ಥ.

ಗೇನ್, ಕ್ರಾಸ್‌ಓವರ್, ಕರೆಂಟ್

ಗೇನ್ ಅನ್ನೋದು ವಾಲ್ಯೂಮ್ ಅಲ್ಲ. ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೆ ಆಂಪ್ ಹೊಂದಿಕೊಳ್ಳಲಿಕ್ಕೆ ಇರುವ ತಿರುಗಣೆ ಅದು. ಕಣ್ಣಂದಾಜಿನಲ್ಲಿ ಮುಕ್ಕಾಲು ತಿರುಗಿಸಿಟ್ಟರೆ ಅಲೆಯ ತುದಿ ಕತ್ತರಿಸಿಹೋಗಿ ಸದ್ದು ಒಡೆಯುತ್ತದೆ, ಕಾಯಿಲ್ ಸುಡುತ್ತದೆ. ಸರಿಯಾದ ಕ್ರಮ ಹೀಗೆ. ಸ್ಪೀಕರ್ ವೈರ್ ಬಿಚ್ಚಿಡಿ. ಎಂಜಿನ್ ಚಾಲೂ ಇರಲಿ. 0 ಡೆಸಿಬಲ್ ಮಟ್ಟದ (ಫೈಲಿನಲ್ಲಿ ಸಾಧ್ಯವಿರುವ ಪೂರ್ತಿ ಜೋರಿನ) 50 ಹರ್ಟ್ಸ್ ಟೋನ್ ಹಾಕಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಡಿ, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ ಆಂಪ್‌ನ ಔಟ್‌ಪುಟ್‌ಗೆ ಹಿಡಿಯಿರಿ. ಬೇಕಾದ ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಎಷ್ಟು ವೋಲ್ಟ್ ಬರಬೇಕು ಅನ್ನೋದು ಸಿಗುತ್ತದೆ. 300 ವ್ಯಾಟ್ 4 ಓಮ್‌ಗೆ 34.6 ವೋಲ್ಟ್, 300 ವ್ಯಾಟ್ 2 ಓಮ್‌ಗೆ 24.5 ವೋಲ್ಟ್. ಮೀಟರ್ ಅಲ್ಲಿಗೆ ಬಂದ ಕೂಡಲೇ ಗೇನ್ ಮುಟ್ಟೋದು ನಿಲ್ಲಿಸಿ.

ಆ ವ್ಯಾಟ್ ಎಷ್ಟು ಅಂತ ಡಬ್ಬಿಯ ಮೇಲಿನ ಅಂಕಿ ನೋಡಿ ನಿರ್ಧರಿಸಬೇಡಿ, ಆಂಪ್‌ನ ಫ್ಯೂಸ್ ನೋಡಿ. ಮೇಲೆ 1000 ವ್ಯಾಟ್ ಅಂತ ಅಚ್ಚಾಗಿದ್ದರೂ ಒಂದೇ 25 ಆಂಪಿಯರ್ ಫ್ಯೂಸ್ ಇದ್ದರೆ, 25ನ್ನು 13.8 ವೋಲ್ಟ್‌ನಿಂದ ಗುಣಿಸಿದರೆ ಬರುವುದು 345 ವ್ಯಾಟ್ ಒಳಬರುವ ಶಕ್ತಿ. ಕ್ಲಾಸ್ ಡಿ ಆಂಪ್ ಆದರೆ ಅದರ ಮುಕ್ಕಾಲು ಪಾಲು, ಕ್ಲಾಸ್ ಎಬಿ ಆದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಸ್ಪೀಕರ್‌ಗೆ ಸಿಗುತ್ತದೆ.

ಲೋ ಪಾಸ್ ಕ್ರಾಸ್‌ಓವರ್ (ಕೆಳಗಿನ ಸ್ವರಗಳನ್ನು ಮಾತ್ರ ಸಬ್‌ಗೆ ಬಿಡುವ ಜರಡಿ) 80 ಹರ್ಟ್ಸ್‌ನಿಂದ ಶುರು ಮಾಡಿ. ಬಾಗಿಲಿನ ಸ್ಪೀಕರ್‌ಗಳಿಗೂ 80ರಲ್ಲೇ ಹೈ ಪಾಸ್ (ಮೇಲಿನ ಸ್ವರಗಳನ್ನು ಮಾತ್ರ ಬಿಡುವುದು) ಹಾಕಲು ಸ್ಟೀರಿಯೊದಲ್ಲಿ ಅವಕಾಶವಿದ್ದರೆ ಹಾಕಿ. ಸಬ್ಬನ್ನು 120ರ ತನಕ ಬಿಟ್ಟರೆ ಗಂಡಸರ ದನಿಯ ಕೆಳಭಾಗ ಡಿಕ್ಕಿಯಿಂದ ಕೇಳಿ ಎಲ್ಲವೂ ಮಂದವಾಗುತ್ತದೆ. ಆಮೇಲೆ 80 ಹರ್ಟ್ಸ್ ಟೋನ್ ಹಾಕಿ ನೀವು ಡ್ರೈವರ್ ಸೀಟಿನಲ್ಲಿ ಕುಳಿತು, ಇನ್ನೊಬ್ಬರಿಂದ ಫೇಸ್ ಸ್ವಿಚ್ಚನ್ನು 0 ಮತ್ತು 180ಕ್ಕೆ ಬದಲಾಯಿಸಿ. ಯಾವುದರಲ್ಲಿ ಸದ್ದು ಹೆಚ್ಚೋ ಅದೇ ಸರಿ. ಸ್ವಿಚ್ ಇಲ್ಲದ ಆಂಪ್ ಆದರೆ ಸಬ್‌ನ ಎರಡು ವೈರ್ ಅದಲುಬದಲು ಮಾಡಿದರೂ ಅದೇ ಫಲ. ಬೇಸ್ ಇಲ್ಲ ಅನ್ನುವ ದೂರು ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

ಬೇಸ್‌ನ ಪ್ರತಿ ಪೆಟ್ಟಿನ ಜೊತೆಗೇ ಹೆಡ್‌ಲೈಟ್ ಮಂಕಾಗುತ್ತಿದ್ದರೆ ವೈರ್ ನೋಡಿ. ಕಿಟ್‌ಗಳಲ್ಲಿ ಬರುವ ದಪ್ಪ ವೈರ್‌ನಲ್ಲಿ ಎಷ್ಟೋ ಸಲ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರುತ್ತದೆ, ಮೇಲೆ ಪ್ಲಾಸ್ಟಿಕ್ ಮಾತ್ರ ದಪ್ಪ. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಬ್ಯಾಟರಿಯ ಪ್ಲಸ್‌ನಿಂದ ಆಂಪ್‌ನ ಪ್ಲಸ್‌ಗೆ ಮೀಟರ್ ಹಿಡಿದು ಜೋರಾಗಿ ಬಾರಿಸುವಾಗ 0.5 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಆ ವೈರ್ ಸಾಲದು. ಗ್ರೌಂಡ್ ವೈರ್ ಅರ್ಧ ಮೀಟರ್ ಮೀರಬಾರದು, ಬಾಡಿಯ ಬಣ್ಣ ಕೆರೆದು ಹೊಳೆಯುವ ಲೋಹಕ್ಕೇ ಬೋಲ್ಟ್ ಆಗಿರಬೇಕು. ಸೀಟ್ ಬೆಲ್ಟ್ ಬೋಲ್ಟ್ ಬಳಸಬೇಡಿ. ಬ್ಯಾಟರಿ ಕಡೆಯ ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಲಿ. ಈ ವೈರ್‌ಗಳಿಗೆ ಕೈ ಹಾಕುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿ.

ಗಾಳಿ ಸೋರಿಕೆ

ಮನೆಯಲ್ಲಿ ಮಾಡಿದ ಬಾಕ್ಸಿನ ದೊಡ್ಡ ಶತ್ರು ಇದೇ. ಕೂದಲೆಳೆಯಷ್ಟು ಸಂದಿ ಸಾಕು, ಸೀಲ್ಡ್ ಬಾಕ್ಸ್ ಸೀಲ್ಡ್ ಆಗಿ ಉಳಿಯುವುದಿಲ್ಲ. ಸೀಲ್ಡ್ ಬಾಕ್ಸಿಗೆ ಕೈಯ ಪರೀಕ್ಷೆ ಇದೆ: ಕೋನನ್ನು ಮೆಲ್ಲಗೆ ಒಳಗೆ ಒತ್ತಿ ಹಿಡಿದುಕೊಂಡು ಒಂದೆರಡು ಸೆಕೆಂಡ್ ಬಿಟ್ಟು ಕೈ ತೆಗೆಯಿರಿ. ಒತ್ತಿ ಹಿಡಿದಿರುವಷ್ಟೂ ಹೊತ್ತು ಒಳಗಿನ ಗಾಳಿ ತಿರುಗಿ ತಳ್ಳುತ್ತಲೇ ಇರಬೇಕು. ತಳ್ಳುವ ಒತ್ತಡ ಕೂಡಲೇ ಕರಗಿಹೋದರೆ ಗಾಳಿ ಎಲ್ಲೋ ದಾರಿ ಹುಡುಕಿಕೊಂಡಿದೆ.

ಎಲ್ಲಿ ಅಂತ ಗೊತ್ತಾಗಲು ಊದುಬತ್ತಿ ಹಚ್ಚಿ. ಬಾಕ್ಸನ್ನು ಡಿಕ್ಕಿಯಿಂದ ಹೊರಗೆ ತೆಗೆದು, ಉದ್ದ ವೈರ್ ಕೊಟ್ಟು, ಗಾಳಿ ಬೀಸದ ಕಡೆ ನೆಲದ ಮೇಲೆ ಇಡಿ. ಸಿಎನ್‌ಜಿ ಸಿಲಿಂಡರ್ ಇರುವ ಕಾರಿನ ಹತ್ತಿರ ಬೆಂಕಿ ಸುತರಾಂ ಬೇಡ. ಅಲ್ಲಿ ಊದುಬತ್ತಿಯ ಬದಲು ಟಿಶ್ಯೂ ಕಾಗದದ ಸಣ್ಣ ಪಟ್ಟಿ ಅಥವಾ ಒದ್ದೆ ಮಾಡಿಕೊಂಡ ಹಿಂಗೈ ಬಳಸಿ. ಸೀಲ್ಡ್ ಬಾಕ್ಸಿಗೆ 30 ಹರ್ಟ್ಸ್ ಟೋನ್, ಪೋರ್ಟ್ ಇರುವ ಬಾಕ್ಸಿಗೆ ಅದರ ಟ್ಯೂನಿಂಗ್ ಆಸುಪಾಸಿನ ಟೋನ್ ಹಾಕಿ. ಟ್ಯೂನಿಂಗ್ ಸ್ವರದಲ್ಲೇ ಒಳಗಿನ ಒತ್ತಡ ಹೆಚ್ಚು, ಹಾಗಾಗಿ ಸೋರಿಕೆ ಅಲ್ಲಿ ಬಯಲಾಗುತ್ತದೆ. ವಾಲ್ಯೂಮ್ ಮಧ್ಯಮ ಸಾಕು, ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಬಾರಿಸಬೇಡಿ, ಕಾಯಿಲ್ ಕಾಯುತ್ತದೆ. ಊದುಬತ್ತಿಯನ್ನು ಪ್ರತಿ ಅಂಚಿನುದ್ದಕ್ಕೂ ಒಂದು ಸೆಂ.ಮೀ. ದೂರದಲ್ಲಿ ನಿಧಾನವಾಗಿ ಒಯ್ಯಿರಿ. ನೆಟ್ಟಗೆ ಏರುತ್ತಿದ್ದ ಹೊಗೆಯ ಎಳೆ ಸಂದಿ ಇರುವ ಕಡೆ ಬಂದಾಗ ಥಟ್ಟನೆ ನಡುಗಿ ಚದುರುತ್ತದೆ. ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ.

ಸೋರಿಕೆಗೆ ಖಾಯಂ ಜಾಗಗಳಿವೆ. ಮೊದಲನೆಯದು ಟರ್ಮಿನಲ್ ಕಪ್‌ನ (ವೈರ್ ಜೋಡಿಸುವ ಬಟ್ಟಲಿನ) ಹಿಂಬದಿ. ಎರಡನೆಯದು ಸ್ಪೀಕರ್ ಕೂರುವ ಅಂಚು. ಬಾಕ್ಸಿಗೆ ಕಾರ್ಪೆಟ್ ಅಂಟಿಸುವಾಗ ಅದನ್ನು ಸ್ಪೀಕರ್ ಅಂಚಿನ ಕೆಳಗೂ ಎಳೆದುಬಿಡುತ್ತಾರೆ. ನೋಡಲು ಚೆಂದ, ಆದರೆ ಕಾರ್ಪೆಟ್‌ನ ನೂಲಿನ ನಡುವಿನಿಂದಲೇ ಗಾಳಿ ಹೊರಗೆ ಹರಿಯುತ್ತದೆ. ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಸ್ಪೀಕರ್ ಬಿಚ್ಚಿ, ಅಂಚು ಕೂರುವಷ್ಟು ಅಗಲದ ಉಂಗುರವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಬರಿ ಮರದ ಮೇಲೆ 3 ಮಿ.ಮೀ. ದಪ್ಪದ ಫೋಮ್ ಟೇಪನ್ನು ಸುತ್ತಲೂ ಒಂದೇ ತುಂಡಾಗಿ ಅಂಟಿಸಿ, ತುದಿಗಳು ಒತ್ತಾಗಿ ಸೇರಲಿ. ಸ್ಕ್ರೂಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿ ಮಾಡಿ. ಟಿ ನಟ್ (ಹಲಗೆಯ ಹಿಂದೆ ಕೂರಿಸುವ ಲೋಹದ ನಟ್) ಬಳಸಿದ್ದರೆ ಅದರ ತೂತೂ ಸೋರುತ್ತದೆ, ಹಿಂದಿನಿಂದ ಸೀಲ್ ಮಾಡಿ.

ಹಲಗೆಗಳ ಸಂದಿಗೆ ಒಳಗಿನಿಂದಲೇ ಮದ್ದು ಹಾಕಬೇಕು. ಒಂದು ಮಿ.ಮೀ. ತನಕದ ಸಂದಿಗೆ ಫೆವಿಕಾಲ್‌ಗೆ ಜರಡಿ ಹಿಡಿದ ಮರದ ಹೊಟ್ಟು ಕಲಸಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಮಾಡಿ, ಬೆರಳಿನಿಂದ ಮೂಲೆಯುದ್ದಕ್ಕೂ ಎಳೆಯಿರಿ. ಅದಕ್ಕಿಂತ ದೊಡ್ಡ ಸಂದಿಗೆ ಎಂ-ಸೀಲ್ ಒಳ್ಳೆಯದು. ಸಿಲಿಕಾನ್ ಬಳಸುವುದಾದರೆ ನ್ಯೂಟ್ರಲ್ ಕ್ಯೂರ್ ಬಗೆಯದ್ದೇ ಕೇಳಿ ತನ್ನಿ. ವಿನೆಗರ್‌ನಂತೆ ಹುಳಿ ವಾಸನೆ ಬರುವ ಸಿಲಿಕಾನ್ ಒಣಗುವಾಗ ಬಿಡುವ ಆವಿ ಸ್ಪೀಕರ್‌ನ ಅಂಟಿಗೂ ಲೋಹಕ್ಕೂ ಕೆಡುಕು. ಯಾವುದೇ ಆದರೂ 24 ಗಂಟೆ ಒಣಗಲು ಬಿಟ್ಟು ಆಮೇಲೆ ಸ್ಪೀಕರ್ ಕೂರಿಸಿ.

ಮಲೆನಾಡು, ಕರಾವಳಿ ಕಡೆಯವರಿಗೆ ಇನ್ನೊಂದು ಮಾತು. ಬಣ್ಣ ಕಾಣದ ಎಂಡಿಎಫ್ ಮಳೆಗಾಲದ ತೇವ ಕುಡಿದು ಅಂಚಿನಲ್ಲಿ ಉಬ್ಬಿದರೆ ಮತ್ತೆ ಮೊದಲಿನಂತಾಗುವುದಿಲ್ಲ, ಸ್ಕ್ರೂ ಹಿಡಿತವೂ ಹೋಗುತ್ತದೆ. ತಳ ಮತ್ತು ಅಂಚುಗಳಿಗೆ ಎರಡು ಕೋಟ್ ಸೀಲರ್ ಅಥವಾ ಪೇಂಟ್ ಬೇಕೇ ಬೇಕು. ಹೊಸದಾಗಿ ಮಾಡಿಸುವವರು ಅಲ್ಲಿ ಒಳ್ಳೆಯ ಪ್ಲೈವುಡ್ ಅಥವಾ ಎಚ್‌ಡಿಎಚ್‌ಎಂಆರ್ (ತೇವ ತಡೆಯುವ ಗಟ್ಟಿ) ಹಲಗೆ ಆರಿಸಿಕೊಳ್ಳೋದು ಮೇಲು. ಪಾರ್ಟಿಕಲ್ ಬೋರ್ಡ್ ಎಲ್ಲಿಗೂ ಬೇಡ.

ಬಾಕ್ಸಿನ ಅಳತೆ

ಸೋರಿಕೆ ನಿಂತ ಮೇಲೂ ಸದ್ದು ಸರಿಯಿಲ್ಲದಿದ್ದರೆ ಟೇಪ್ ಹಿಡಿಯಿರಿ. ಹೆಚ್ಚಿನ ತಪ್ಪು ಒಂದೇ: ಹೊರ ಅಳತೆಯಲ್ಲಿ ಲೆಕ್ಕ ಹಾಕಿರುತ್ತಾರೆ. 450 × 400 × 300 ಮಿ.ಮೀ. ಬಾಕ್ಸ್ ಹೊರಗಿನಿಂದ 54 ಲೀಟರ್. 18 ಮಿ.ಮೀ. ಹಲಗೆ ಎರಡೂ ಬದಿ ಕಳೆದರೆ ಒಳಗೆ 414 × 364 × 264, ಅಂದರೆ 39.8 ಲೀಟರ್ ಮಾತ್ರ. ಅದರಲ್ಲಿ ಸ್ಪೀಕರ್‌ನ ಹಿಂಭಾಗ ಸುಮಾರು 2.5 ಲೀಟರ್, ಒಳಗಿನ ಆಧಾರದ ಪಟ್ಟಿ ಒಂದು ಲೀಟರ್ ತಿಂದುಕೊಂಡರೆ ಗಾಳಿಗೆ ಉಳಿಯುವುದು 36 ಲೀಟರ್ ಚಿಲ್ಲರೆ. ಹಿಂದಿನ ಸೀಟಿಗೆ ಹೊಂದುವಂತೆ ಓರೆಯಾಗಿ ಮಾಡಿದ ಬಾಕ್ಸಿಗೆ ಮೇಲಿನ ಆಳ, ಕೆಳಗಿನ ಆಳ ಕೂಡಿಸಿ ಅರ್ಧ ಮಾಡಿ ಗುಣಿಸಿ. ಆಕಾರ ಇನ್ನೂ ವಿಚಿತ್ರವಾಗಿದ್ದರೆ, ಬೀನ್ ಬ್ಯಾಗ್‌ಗೆ ತುಂಬುವ ಥರ್ಮಾಕೋಲ್ ಗುಂಡುಗಳನ್ನು ಲೀಟರ್ ಡಬ್ಬಿಯಲ್ಲಿ ಅಳೆದು ಸ್ಪೀಕರ್ ತೂತಿನಿಂದ ತುಂಬಿ ಎಣಿಸಿ.

12 ಇಂಚಿನ ಸಬ್‌ಗಳಿಗೆ ಸೀಲ್ಡ್ ಬಾಕ್ಸ್ ಸಾಮಾನ್ಯವಾಗಿ 23ರಿಂದ 36 ಲೀಟರ್, ಪೋರ್ಟ್ ಬಾಕ್ಸ್ 50ರಿಂದ 64 ಲೀಟರ್ ಬೇಡುತ್ತವೆ. ಆದರೆ ನಿಮ್ಮ ಸಬ್‌ನ ಜೊತೆ ಬಂದ ಕಾಗದದ ಅಂಕಿಯೇ ಕೊನೆಯ ಮಾತು. ಅದರಲ್ಲಿ ಕ್ಯೂಟಿಎಸ್ (ಕೋನಿನ ಅಲುಗಾಟ ಎಷ್ಟು ಬೇಗ ನಿಲ್ಲುತ್ತದೆ ಅನ್ನೋದರ ಅಂಕಿ), ವಿಎಎಸ್ (ಕೋನಿನ ಬಿಗಿತಕ್ಕೆ ಸಮನಾದ ಗಾಳಿ, ಲೀಟರ್‌ನಲ್ಲಿ), ಎಫ್ಎಸ್ (ಬಾಕ್ಸಿಲ್ಲದೆ ಸಬ್ ತಾನೇ ಮೊಳಗುವ ಹರ್ಟ್ಸ್) ಕೊಟ್ಟಿದ್ದರೆ ಸೀಲ್ಡ್ ಬಾಕ್ಸ್ ಹೇಗೆ ಬಾರಿಸುತ್ತದೆ ಅಂತ ಮೊದಲೇ ತಿಳಿಯಬಹುದು. ವಿಎಎಸ್ಸನ್ನು ಬಾಕ್ಸಿನ ಲೀಟರ್‌ನಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆದು, ಕ್ಯೂಟಿಎಸ್‌ನಿಂದ ಗುಣಿಸಿ. ಉತ್ತರ 0.7ರ ಹತ್ತಿರ ಇದ್ದರೆ ಸಮತೋಲದ ಸದ್ದು, 0.9 ದಾಟಿದರೆ ಗುಮ್ಮೆನ್ನುತ್ತದೆ. ಕ್ಯೂಟಿಎಸ್ 0.5, ವಿಎಎಸ್ 50 ಲೀಟರ್, ಎಫ್ಎಸ್ 30 ಹರ್ಟ್ಸ್ ಇರುವ ಸಬ್ 36 ಲೀಟರ್‌ನಲ್ಲಿ 0.77 ಕೊಡುತ್ತದೆ, 20 ಲೀಟರ್‌ನಲ್ಲಿ 0.94. ಅದೇ ವರ್ಗಮೂಲದಿಂದ ಎಫ್ಎಸ್ ಗುಣಿಸಿದರೆ ಬಾಕ್ಸಿನೊಳಗಿನ ಅನುರಣನೆ (ಸಬ್ ಹೆಚ್ಚು ಮೊಳಗುವ ಸ್ವರ) ಸಿಗುತ್ತದೆ: 36 ಲೀಟರ್‌ನಲ್ಲಿ 46 ಹರ್ಟ್ಸ್, 20ರಲ್ಲಿ 56. ಚಿಕ್ಕ ಬಾಕ್ಸ್ 56ರ ಸುತ್ತ ಉಬ್ಬಿ, ಕೆಳಗಿನದ್ದನ್ನು ನುಂಗಿಬಿಡುತ್ತದೆ.

ಚಿಕ್ಕದಾದ ಸೀಲ್ಡ್ ಬಾಕ್ಸನ್ನು ಒಡೆಯದೇ ಸುಧಾರಿಸಲು ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು, ಅಂಗಡಿಯಲ್ಲಿ ರೆಕ್ರಾನ್ ಅಂತ ಕೇಳಿದರೆ ಕೊಡುವುದು, ಲೀಟರ್‌ಗೆ 15 ಗ್ರಾಂ ಲೆಕ್ಕದಲ್ಲಿ ಬಿಡಿಸಿ ಹಗುರವಾಗಿ ತುಂಬಿ. 30 ಲೀಟರ್‌ಗೆ 450 ಗ್ರಾಂ. ಗಾಳಿಗೆ ಬಾಕ್ಸ್ ಹತ್ತಿಪ್ಪತ್ತು ಶೇಕಡಾ ದೊಡ್ಡದಾದ ಹಾಗೆ ತೋರುತ್ತದೆ. ಅದುಮಿ ತುಂಬಿದರೆ ಉಲ್ಟಾ ಫಲ. ಬಾಕ್ಸ್ ಬೇಕಾದ್ದಕ್ಕಿಂತ ದೊಡ್ಡದಾಗಿದ್ದರೆ ಉಳಿದ ಎಂಡಿಎಫ್ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ ಒಳಗೆ ಗಟ್ಟಿಯಾಗಿ ಕೂರಿಸಿ, ಸಡಿಲ ಬಿಡಬೇಡಿ.

ಹಲಗೆಯ ಮೇಲೆ ಅಂಗೈ ಇಟ್ಟು ಜೋರಾಗಿ ಬಾರಿಸಿ ನೋಡಿ. ನಡುಭಾಗ ಅದುರುವುದು ಕೈಗೆ ಗೊತ್ತಾದರೆ ಶಕ್ತಿ ಅಲ್ಲಿ ಪೋಲಾಗುತ್ತಿದೆ. ಬಾಕ್ಸ್ ಬಿಚ್ಚಬೇಕಿಲ್ಲ: 40 ಮಿ.ಮೀ. ಚೌಕದ ಮರದ ರೀಪನ್ನು ಎದುರುಬದುರು ಹಲಗೆಗಳ ನಡುವಿನ ಅಳತೆಗೆ ಕೂದಲೆಳೆ ಹೆಚ್ಚಾಗಿ ಕತ್ತರಿಸಿ, ಎರಡೂ ತುದಿಗೆ ಫೆವಿಕಾಲ್ ಹಚ್ಚಿ, ಸ್ಪೀಕರ್ ತೂತಿನಿಂದ ಒಳಗಿಟ್ಟು ಸುತ್ತಿಗೆಯಿಂದ ತಟ್ಟಿ ಬಿಗಿಯಾಗಿ ನಿಲ್ಲಿಸಿ. ಆಯಸ್ಕಾಂತದ ಹಿಂದಿನ ಗಾಳಿತೂತಿನ ಎದುರು ಮಾತ್ರ ಏನೂ ಬರಬಾರದು, ಹಿಂದಿನ ಗೋಡೆಗೂ ಅದಕ್ಕೂ ಕನಿಷ್ಠ 4 ಸೆಂ.ಮೀ. ಬಿಡಿ.

ಪೋರ್ಟ್

ಪೋರ್ಟ್ ಇರುವ ಬಾಕ್ಸಿನ ಮೊದಲ ಪರೀಕ್ಷೆ ತುಂಬ ಸರಳ. ಪೋರ್ಟಿನೊಳಗೆ ಹಳೇ ಟವಲ್ ಬಿಗಿಯಾಗಿ ತುರುಕಿ ಹಾಡು ಕೇಳಿ. ಸದ್ದು ಸುಧಾರಿಸಿದರೆ ದೋಷ ಪೋರ್ಟಿನ ಲೆಕ್ಕದಲ್ಲಿದೆ. ಏನೂ ಬದಲಾಗದಿದ್ದರೆ ಮತ್ತೆ ಸೋರಿಕೆಯ ಕಡೆ ಹೋಗಿ.

ಟ್ಯೂನಿಂಗ್ ನಿಜವಾಗಿ ಎಲ್ಲಿದೆ ಅಂತ ಕೋನೇ ಹೇಳುತ್ತದೆ. ಕಡಿಮೆ ವಾಲ್ಯೂಮ್‌ನಲ್ಲಿ 60 ಹರ್ಟ್ಸ್‌ನಿಂದ ಒಂದೊಂದೇ ಹರ್ಟ್ಸ್ ಇಳಿಸುತ್ತ ಬನ್ನಿ, ಬೆರಳ ತುದಿಯನ್ನು ಕೋನಿನ ಮೇಲೆ ಸೋಕಿಸಿಡಿ. ಒಂದು ಸ್ವರದಲ್ಲಿ ಕೋನ್ ಹೆಚ್ಚುಕಡಿಮೆ ನಿಂತೇಹೋಗುತ್ತದೆ, ಅದೇ ಹೊತ್ತಿಗೆ ಪೋರ್ಟಿನ ಬಾಯಲ್ಲಿ ಗಾಳಿ ಜೋರಾಗಿ ಆಡುತ್ತದೆ. ಅದೇ ಟ್ಯೂನಿಂಗ್. ಹಾಡು ಕೇಳುವ ಕಾರಿಗೆ 32ರಿಂದ 36 ಹರ್ಟ್ಸ್ ಚೆನ್ನ. 45ರಲ್ಲಿ ಸಿಕ್ಕರೆ ಗುಮ್ಮೆನ್ನುವುದಕ್ಕೆ ಕಾರಣ ಸಿಕ್ಕಿತು.

ದುಂಡು ಪೈಪಿನ ಉದ್ದಕ್ಕೆ ಲೆಕ್ಕ ಹೀಗೆ, ಎಲ್ಲವೂ ಸೆಂ.ಮೀ. ಮತ್ತು ಲೀಟರ್‌ನಲ್ಲಿ: ಪೈಪಿನ ಒಳವ್ಯಾಸದ ವರ್ಗವನ್ನು 23562ರಿಂದ ಗುಣಿಸಿ, ಟ್ಯೂನಿಂಗ್‌ನ ವರ್ಗದಿಂದ ಭಾಗಿಸಿ, ಬಾಕ್ಸಿನ ಲೀಟರ್‌ನಿಂದ ಭಾಗಿಸಿ, ಕೊನೆಗೆ ಒಳವ್ಯಾಸದ 0.73ರಷ್ಟು ಕಳೆಯಿರಿ. 110 ಮಿ.ಮೀ. ಪಿವಿಸಿ ಪೈಪಿನ ಒಳವ್ಯಾಸ ಸುಮಾರು 10.4 ಸೆಂ.ಮೀ. 55 ಲೀಟರ್ ಬಾಕ್ಸ್, 35 ಹರ್ಟ್ಸ್‌ಗೆ 30 ಸೆಂ.ಮೀ. ಪೈಪ್ ಬೇಕು. ಅದೇ ಪೈಪನ್ನು ಜಾಗವಿಲ್ಲ ಅಂತ 20ಕ್ಕೆ ಕತ್ತರಿಸಿದರೆ ಟ್ಯೂನಿಂಗ್ 41ಕ್ಕೆ, 15ಕ್ಕೆ ಕತ್ತರಿಸಿದರೆ 45ಕ್ಕೆ ಏರುತ್ತದೆ. ಪೈಪೂ ಬಾಕ್ಸಿನ ಜಾಗ ತಿನ್ನುತ್ತದೆ ಅನ್ನೋದನ್ನು ಮರೆಯಬೇಡಿ, ಈ 30 ಸೆಂ.ಮೀ. ಪೈಪ್ 2.9 ಲೀಟರ್. ಒಳ ಅಗಲ 680, ಎತ್ತರ 330, ಸರಾಸರಿ ಆಳ 275 ಮಿ.ಮೀ. ಇರುವ ಓರೆ ಬಾಕ್ಸಿನ 61.7 ಲೀಟರ್‌ನಲ್ಲಿ ಪೈಪ್, ಸ್ಪೀಕರ್, ಆಧಾರ ಪಟ್ಟಿಗಳನ್ನು ಕಳೆದರೆ ಸರಿಯಾಗಿ 55 ಉಳಿಯುತ್ತದೆ.

ಟ್ಯೂನಿಂಗ್ ಮೇಲಿದ್ದರೆ ಕಪ್ಲರ್ ಹಾಕಿ ಪೈಪ್ ಉದ್ದ ಮಾಡಿ, ಕೆಳಗಿದ್ದರೆ ಒಂದೊಂದೇ ಸೆಂ.ಮೀ. ಕತ್ತರಿಸಿ ಮತ್ತೆ ಅಳೆಯಿರಿ. ಆಳ ಸಾಲದಿದ್ದರೆ ಬೆಂಡ್ ಹಾಕಬಹುದು, ಉದ್ದವನ್ನು ಪೈಪಿನ ನಡುರೇಖೆಯುದ್ದಕ್ಕೂ ಅಳೆಯಬೇಕು. ಒಳಗಿನ ತುದಿಗೂ ಎದುರು ಗೋಡೆಗೂ ಪೈಪಿನ ವ್ಯಾಸದಷ್ಟು, ಅಂದರೆ 10 ಸೆಂ.ಮೀ. ಅಂತರವಿರಲಿ. ಹೊರಗಿನ ಬಾಯಿಗೂ ಡಿಕ್ಕಿಯ ಗೋಡೆಗೂ ಅಷ್ಟೇ. ಎಷ್ಟೋ ಬಾಕ್ಸ್‌ಗಳ ಪೋರ್ಟ್ ಸೀಟಿನ ಬೆನ್ನಿಗೆ ಅಂಟಿಕೊಂಡು ಉಸಿರು ಕಟ್ಟಿರುತ್ತದೆ.

ಜೋರಾದಾಗ ಪೋರ್ಟ್ ಬುಸ್ ಅನ್ನುತ್ತಿದ್ದರೆ ಪೈಪ್ ಸಣ್ಣದು. ಒಂದು 110 ಮಿ.ಮೀ. ಪೈಪ್ 12 ಇಂಚಿಗೆ ಸುಮಾರು 300 ವ್ಯಾಟ್ ತನಕ ಹೇಗೋ ತಡೆಯುತ್ತದೆ. ಎರಡು ಹಾಕಿದರೆ ಆ ಬುಸ್ ಸದ್ದಿಲ್ಲ, ಆದರೆ ಅದೇ ಟ್ಯೂನಿಂಗ್‌ಗೆ ಒಂದೊಂದೂ 68 ಸೆಂ.ಮೀ. ಆಗುತ್ತದೆ, ಬಾಕ್ಸನ್ನೂ ಹಿಗ್ಗಿಸಬೇಕು. ಹಾಗಾಗಿ ಮೊದಲು ಪೈಪಿನ ಎರಡೂ ಬಾಯಿಯ ಅಂಚನ್ನು ದುಂಡಗೆ ಮಾಡಿ ನೋಡಿ, ಸಾಕಷ್ಟು ತಗ್ಗುತ್ತದೆ. ಆಂಪ್‌ನಲ್ಲಿ ಸಬ್‌ಸಾನಿಕ್ ಫಿಲ್ಟರ್ (ತೀರ ಕೆಳಗಿನ ಸ್ವರಗಳನ್ನು ತಡೆಯುವುದು) ಇದ್ದರೆ ಟ್ಯೂನಿಂಗ್‌ಗಿಂತ ನಾಲ್ಕೈದು ಹರ್ಟ್ಸ್ ಕೆಳಗೆ ಹಾಕಿ. ಟ್ಯೂನಿಂಗ್‌ನ ಕೆಳಗೆ ಒಳಗಿನ ಗಾಳಿ ಕೋನನ್ನು ಹಿಡಿಯುವುದಿಲ್ಲ, ಫಿಲ್ಟರ್ ಇಲ್ಲದೆ ಜೋರು ಮಾಡಿದರೆ ಕೋನ್ ಮಿತಿ ಮೀರಿ ಹಾರಿ ಕಾಯಿಲ್ ತಳಕ್ಕೆ ಬಡಿಯುತ್ತದೆ. ಎಫ್ಎಸ್ಸನ್ನು ಕ್ಯೂಇಎಸ್‌ನಿಂದ (ಅದೇ ಕಾಗದದ ಇನ್ನೊಂದು ಅಂಕಿ) ಭಾಗಿಸಿದಾಗ 50ಕ್ಕಿಂತ ಕಡಿಮೆ ಬರುವ ಸಬ್ಬನ್ನು ಪೋರ್ಟ್ ಬಾಕ್ಸಿಗೆ ಹಾಕಿದ್ದರೆ ಯಾವ ಪೈಪೂ ಅದನ್ನು ಸರಿಮಾಡದು. ಪೋರ್ಟ್ ಮುಚ್ಚಿ, ಒಳಜಾಗ ಕಡಿಮೆ ಮಾಡಿ, ಸೀಲ್ಡ್ ಆಗಿಯೇ ಬಳಸಿ.

ಕಾರಿನೊಳಗೆ

ಹ್ಯಾಚ್‌ಬ್ಯಾಕ್‌ನಲ್ಲಿ ಬಾಕ್ಸನ್ನು ಹಿಂದಿನ ಸೀಟಿಗೆ ಒರಗಿಸಿ ಕೋನ್ ಹಿಂದಿನ ಬಾಗಿಲ ಕಡೆ ನೋಡುವಂತೆ, 15ರಿಂದ 30 ಸೆಂ.ಮೀ. ಬಿಟ್ಟು ಇಡಿ. ಆಮೇಲೆ ಕೋನ್ ಮೇಲ್ಮುಖ ಮಾಡಿ ಒಮ್ಮೆ, ಬಾಗಿಲ ಹತ್ತಿರಕ್ಕೆ ತಳ್ಳಿ ಒಮ್ಮೆ ಕೇಳಿ. ಅದೇ ಬಾಕ್ಸಿನ ಸದ್ದು ಜಾಗದಿಂದ ಜಾಗಕ್ಕೆ ಅಚ್ಚರಿಯಾಗುವಷ್ಟು ಬದಲಾಗುತ್ತದೆ. ಸೆಡಾನ್‌ನಲ್ಲಿ ಡಿಕ್ಕಿ ಬೇರೆ ಕೋಣೆ ಇದ್ದಂತೆ, ಸೀಟಿನ ಬೆನ್ನು ಅಡ್ಡ. ಸೀಟ್ ಮಡಚಿದಾಗ ಮಾತ್ರ ಬೇಸ್ ಬರುತ್ತಿದ್ದರೆ ಬಾಕ್ಸಿನಲ್ಲಿ ದೋಷವಿಲ್ಲ, ದಾರಿಯಿಲ್ಲ ಅಷ್ಟೆ. ಪಾರ್ಸೆಲ್ ಟ್ರೇಯ ತೂತುಗಳನ್ನು ತೆರವು ಮಾಡಿ, ಕೋನ್ ಹಿಂದಕ್ಕೆ ತಿರುಗಿಸಿ. ಜಾಗ ಬದಲಾದಾಗಲೆಲ್ಲ ಫೇಸ್ ಪರೀಕ್ಷೆ ಮತ್ತೆ ಮಾಡಿ.

ನಂಬರ್ ಪ್ಲೇಟ್, ಪಾರ್ಸೆಲ್ ಟ್ರೇ, ಸ್ಟೆಪ್ನಿಯ ಪಕ್ಕದ ಜ್ಯಾಕ್ ಇವು ಗಡಗಡ ಅಂದರೆ ಬಾಕ್ಸನ್ನು ಬೈಯಬೇಡಿ. 30ರಿಂದ 80 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತ ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡಿದು ನೋಡಿ, ನಿಂತ ಕಡೆ ಫೋಮ್ ತುಂಡು ಸಿಗಿಸಿ.

ಬಾಕ್ಸನ್ನು ಬೆಲ್ಟ್ ಅಥವಾ ಬ್ರಾಕೆಟ್‌ನಿಂದ ಕಟ್ಟಲೇಬೇಕು. ಇಪ್ಪತ್ತು ಕಿಲೋ ತೂಗುವ ಮರದ ಪೆಟ್ಟಿಗೆ ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಸೀಟಿನವರ ಮೇಲೆ ಬರುತ್ತದೆ. ಡಿಕ್ಕಿಯ ತಳಕ್ಕೆ ಸ್ಕ್ರೂ ಹಾಕುವ ಮುಂಚೆ ಕೆಳಗೆ ಬಗ್ಗಿ ಇಂಧನದ ಟ್ಯಾಂಕ್, ಪೈಪ್ ಎಲ್ಲಿವೆ ನೋಡಿ. ಸಿಎನ್‌ಜಿ ಸಿಲಿಂಡರ್‌ಗೂ ಅದರ ಚೌಕಟ್ಟಿಗೂ ಏನನ್ನೂ ಜೋಡಿಸಬೇಡಿ.

ಹೊಸ ಬಾಕ್ಸ್ ಯಾವಾಗ

ಬೇಕಾದ ಲೀಟರ್‌ಗಿಂತ ಮೂರನೇ ಒಂದು ಪಾಲು ಕಡಿಮೆಯಿರುವ ಬಾಕ್ಸ್, ತೇವಕ್ಕೆ ಉಬ್ಬಿದ ಹಲಗೆ, 12 ಮಿ.ಮೀ. ತೆಳು ಹಲಗೆಯ ಪೆಟ್ಟಿಗೆ, ಇವುಗಳ ಮೇಲೆ ಮತ್ತೆ ದುಡಿಯಬೇಡಿ. ಹೊಸದು ಮಾಡಿಸುವಾಗ ಬಡಗಿಗೆ ಒಳ ಅಳತೆ ಬರೆದುಕೊಡಿ, ಬಾಯಲ್ಲಿ ಹೇಳಿದರೆ ಹೊರ ಅಳತೆಯಾಗಿ ಹೋಗುತ್ತದೆ. ಹಲಗೆಯನ್ನು ಕೈಗರಗಸದ ಬದಲು ಪ್ಯಾನೆಲ್ ಸಾ ಇರುವ ಕಡೆ ಕತ್ತರಿಸಿ ತನ್ನಿ, ಅಂಚು ನೆಟ್ಟಗೆ ಬಂದರೆ ಅರ್ಧ ಸೋರಿಕೆ ಅಲ್ಲೇ ತಪ್ಪಿತು. ಪ್ರತಿ ಅಂಚಿಗೂ ಫೆವಿಕಾಲ್, 10ರಿಂದ 12 ಸೆಂ.ಮೀ.ಗೊಂದು 40 ಮಿ.ಮೀ. ಸ್ಕ್ರೂ, ಅದಕ್ಕೂ ಮುಂಚೆ 2.5 ಮಿ.ಮೀ. ತೂತು. ತೂತು ಕೊರೆಯದೇ ಸ್ಕ್ರೂ ಹೊಡೆದರೆ ಎಂಡಿಎಫ್‌ನ ಅಂಚು ಪದರ ಬಿಡುತ್ತದೆ. ಸ್ಪೀಕರ್ ಕೂರುವ ಮುಂಭಾಗಕ್ಕೆ ಎರಡು ಹಲಗೆ ಅಂಟಿಸಿ 36 ಮಿ.ಮೀ. ಮಾಡಿಸಿ, ಲೆಕ್ಕದಲ್ಲಿ ಆ ಹೆಚ್ಚುವರಿ 18 ಮಿ.ಮೀ. ಕಳೆಯಿರಿ. ಕಾರ್ಪೆಟ್ ಅಂಟಿಸುವ ಮೊದಲೇ, ಬರಿ ಮರ ಕಾಣುವಾಗಲೇ, ಊದುಬತ್ತಿ ಪರೀಕ್ಷೆ ಮುಗಿಸಿ. ತಿಂಗಳೊಪ್ಪತ್ತು ಬಾರಿಸಿದ ಮೇಲೆ ಸ್ಪೀಕರ್‌ನ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಅಷ್ಟರಲ್ಲಿ ಫೋಮ್ ಟೇಪ್ ಕೂತಿರುತ್ತದೆ.